ಗೃಹಯಂತ್ರ ವಿಚಾರ: ಲಿನಕ್ಸಿನಲ್ಲಿ ವಿಂಡೋಸಿನ ಆಟಗಳು ಕುಂಟುವುದೇಕೆ?

2025ನೆಯ ಇಸವಿ ಅಕ್ಟೋಬರು 14ನೆಯ ತಾರೀಖಿಗೆ ಮೈಕ್ರೋಸಾಫ್ಟ್ ಕಂಪೆನಿಯವರು ವಿಂಡೋಸ್ 10ಕ್ಕೆ ಸಾಮಾನ್ಯ ರೀತಿಯಲ್ಲಿ ಕೊಡುತ್ತಿದ್ದ ಆಸರೆಯನ್ನು ನಿಲ್ಲಿಸಿದರು. ಹೊಸ ವಿಂಡೋಸನ್ನು ಹೊರುವ ಯೋಗ್ಯತೆಯಿಲ್ಲವೆಂದು ಹೇಳಿಸಿಕೊಂಡರೂ ಇನ್ನೂ ಗಟ್ಟಿಮುಟ್ಟಾಗಿರುವ ಕಂಪ್ಯೂಟರುಗಳು ಎಷ್ಟೋ ಮನೆಗಳಲ್ಲಿ ಉಂಟು. ಅವುಗಳನ್ನು ಗುಜರಿಗೆ ಹಾಕಲು ಮನಸ್ಸೊಪ್ಪದ ಗೃಹಸ್ಥರಲ್ಲಿ ಕೆಲವರು, ಹಣ ತೆರದೆ ದೊರೆಯುವ ಲಿನಕ್ಸನ್ನು ಅವುಗಳಲ್ಲಿ ನೆಲೆಗೊಳಿಸಿಕೊಂಡಿದ್ದಾರೆ. ಕಾಗದ ಬರೆಯುವುದು, ಲೆಕ್ಕ ಇಡುವುದು, ಬ್ಯಾಂಕಿನ ವ್ಯವಹಾರ, ಸಿನೆಮಾ ನೋಡುವುದು, ಇವೆಲ್ಲ ಯಾವ ತೊಡಕೂ ಇಲ್ಲದೆ ಸಾಗುತ್ತವೆ. ತಕರಾರು ಏಳುವುದು ಸಂಜೆಯ ಹೊತ್ತಿಗೆ, ಮಕ್ಕಳು ಪಾಠ ಮುಗಿಸಿ ಆಟಕ್ಕೆ ಕುಳಿತಾಗ. ವಿಂಡೋಸಿನಲ್ಲಿ ನೀರು ಹರಿದಂತೆ ಓಡುತ್ತಿದ್ದ ಆಟವು ಲಿನಕ್ಸಿನಲ್ಲಿ, ಕಲ್ಲುಹಾದಿಯಲ್ಲಿ ಹೊರಟ ಗಾಡಿಯಂತೆ, ಕುಲುಕುತ್ತ ನಿಲ್ಲುತ್ತ ನಡೆಯುತ್ತದೆ.

ಆಗ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟುತ್ತವೆ. ಒಂದು ಪಕ್ಷವು, ಲಿನಕ್ಸನ್ನು ಕಿತ್ತುಹಾಕಿ ಹಳೆಯ ವಿಂಡೋಸಿಗೇ ಹಿಂದಿರುಗತಕ್ಕದ್ದೆಂದು ವಾದಿಸುತ್ತದೆ. ಕಾವಲಿಲ್ಲದ ಮನೆಯಲ್ಲಿ ಹಣದ ಪೆಟ್ಟಿಗೆಯನ್ನು ಇಟ್ಟಂತೆ, ಬ್ಯಾಂಕಿನ ವ್ಯವಹಾರವೂ ಅದೇ ಯಂತ್ರದಲ್ಲಿ ನಡೆಯಬೇಕಾಗುತ್ತದೆಂಬುದು ಆ ಪಕ್ಷದವರ ಗಮನಕ್ಕೆ ಬರುವುದಿಲ್ಲ. ಇನ್ನೊಂದು ಪಕ್ಷವು, ಹೊಸ ಗ್ರಾಫಿಕ್ಸ್ ಕಾರ್ಡನ್ನೋ ಹೊಸ ಕಂಪ್ಯೂಟರನ್ನೋ ಕೊಳ್ಳಬೇಕೆನ್ನುತ್ತದೆ. ಹತ್ತಾರು ಸಾವಿರ ರೂಪಾಯಿಗಳ ಮಾತು ಅದು. ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಇಂತಹ ಪ್ರಶ್ನೆಗಳು ಹೆಚ್ಚುತ್ತಿರುವುದರಿಂದ ಈ ತಿಂಗಳು ಇದೊಂದನ್ನೇ ವಿಚಾರಿಸೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಯಂತ್ರದಲ್ಲಿ ಯಾರು ದುಡಿಯುತ್ತಿದ್ದಾರೆ, ಯಾರು ಸುಮ್ಮನೆ ಕಾಯುತ್ತಿದ್ದಾರೆ ಎಂಬುದನ್ನು ಕಣ್ಣಾರೆ ನೋಡುವ ತನಕ ಈ ಎರಡು ಪಕ್ಷಗಳಲ್ಲಿ ಯಾವುದಕ್ಕೂ ತೀರ್ಪು ಕೊಡಲಾಗದು.

ಜನರಲ್ಲಿ ಸಾಧಾರಣವಾಗಿ ಇರುವ ನಂಬಿಕೆಯೇನೆಂದರೆ, ವಿಂಡೋಸಿಗಾಗಿ ಬರೆದ ಆಟವನ್ನು ಲಿನಕ್ಸು ಭಾಷಾಂತರ ಮಾಡಿಕೊಂಡು ನಡೆಸಬೇಕಾದ್ದರಿಂದ ಅದು ನಿಧಾನವಾಗುವುದು ಸಹಜವೇ, ಅದಕ್ಕೆ ಮದ್ದಿಲ್ಲ ಎಂಬುದು. ಇದರಲ್ಲಿ ನಿಜದ ಅಂಶ ಬಹು ಸ್ವಲ್ಪ. ಪರಸ್ಥಳದ ಅಡಿಗೆಯವನೊಬ್ಬನು ನಮ್ಮ ಮನೆಯ ಸಮಾರಂಭಕ್ಕೆ ಬಂದನೆಂದು ಭಾವಿಸಿರಿ. ತರಕಾರಿ ಹೆಚ್ಚುವುದಕ್ಕೂ ಒಗ್ಗರಣೆ ಹಾಕುವುದಕ್ಕೂ ಅವನಿಗೆ ಯಾವ ಭಾಷೆಯೂ ಬೇಕಿಲ್ಲ. ಅವನ ಕೈ ತನ್ನ ವೇಗದಲ್ಲೇ ಆಡುತ್ತದೆ. ಉಪ್ಪೆಲ್ಲಿದೆ, ಸೌದೆ ಯಾರು ತರುತ್ತಾರೆ ಎಂದು ಕೇಳಬೇಕಾದಾಗ ಮಾತ್ರ ದುಭಾಷಿ ಬೇಕು. ವಿಂಡೋಸಿನ ಆಟವೂ ಹಾಗೆಯೇ. ಅದರ ಲೆಕ್ಕಾಚಾರದ ಕೆಲಸವು ಪ್ರಾಸೆಸರಿನಲ್ಲಿ ನೇರವಾಗಿಯೇ ನಡೆಯುತ್ತದೆ. ಕಡತ ತೆರೆ, ಶಬ್ದ ಹೊರಡಿಸು, ಚಿತ್ರ ಬರೆ ಎಂದು ಅದು ವಿಂಡೋಸನ್ನು ಕೂಗಿ ಕರೆದಾಗ ಮಾತ್ರ, ವಿಂಡೋಸಿನ ಬದಲಾಗಿ ವೈನ್ ಎಂಬ ತಂತ್ರಾಂಶವು ಓಗೊಡುತ್ತದೆ.

ಈ ವೈನ್ ಎಂಬುದು ನಿನ್ನೆ ಮೊನ್ನೆಯದಲ್ಲ. 1993ರಲ್ಲಿ ಆರಂಭವಾಗಿ, ಮರುವರ್ಷದಿಂದ ಅಲೆಕ್ಸಾಂಡರ್ ಜೂಲಿಯಾರ್ ಎಂಬವರ ಮುಂದಾಳುತನದಲ್ಲಿ ಬೆಳೆದು, ಹದಿನೈದು ವರ್ಷಗಳ ದುಡಿಮೆಯ ಬಳಿಕ, 2008ರಲ್ಲಿ, ತನ್ನ 1.0 ಆವೃತ್ತಿಯನ್ನು ಕಂಡಿತು. ಆದರೂ ಚಿತ್ರಗಳ ವಿಷಯದಲ್ಲಿ ಅದು ಬಹುಕಾಲ ಎಡವುತ್ತಲೇ ಇತ್ತು. ಆಟವು ಚಿತ್ರ ಬರೆಯಿಸಲು ಬಳಸುವ ಡೈರೆಕ್ಟ್‌ತ್ರೀಡಿ ಎಂಬ ಭಾಷೆಯನ್ನು ಓಪನ್‌ಜಿಎಲ್ ಎಂಬ ಹಳೆಯ ಭಾಷೆಗೆ ತಿರುಗಿಸುವುದು ಬಲು ಕ್ಲೇಶದ ಕೆಲಸ. 2016ರಲ್ಲಿ ವಲ್ಕನ್ ಎಂಬ ಹೊಸ ಭಾಷೆ ಹೊರಬಂದಿತು. ನಿಯರ್ ಆಟೋಮಾಟಾ ಎಂಬ ಆಟವನ್ನು ಲಿನಕ್ಸಿನಲ್ಲಿ ಆಡಬೇಕೆಂಬ ಬಯಕೆಯಿಂದ ಫಿಲಿಪ್ ರೆಬೋಲೆ ಎಂಬ ಯುವಕನು, ಡೈರೆಕ್ಟ್‌ತ್ರೀಡಿಯನ್ನು ವಲ್ಕನ್ನಿಗೆ ತಿರುಗಿಸುವ ಡಿಎಕ್ಸ್‌ವಿಕೆ ಎಂಬುದನ್ನು ಬರೆಯತೊಡಗಿದನು. ಒಬ್ಬನ ಆಟದ ಆಸೆಯಿಂದ ಲೋಕಕ್ಕೆಲ್ಲ ಉಪಯೋಗವಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಆಟವೆಂದರೆ ಕಾಲಹರಣವೆಂದು ಗದರುವ ಹಿರಿಯರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು. 2018ರಲ್ಲಿ ವಾಲ್ವ್ ಕಂಪೆನಿಯವರು ವೈನನ್ನೂ ಡಿಎಕ್ಸ್‌ವಿಕೆಯನ್ನೂ ಒಟ್ಟುಗೂಡಿಸಿ ಪ್ರೋಟಾನ್ ಎಂಬ ಹೆಸರಿನಿಂದ ತಮ್ಮ ಸ್ಟೀಮ್ ಅಂಗಡಿಯೊಳಗೇ ಇರಿಸಿದರು. 2022ರಲ್ಲಿ ಅವರು ಮಾರಾಟಕ್ಕಿಟ್ಟ ಸ್ಟೀಮ್ ಡೆಕ್ ಎಂಬ ಕೈಯಂತ್ರದಲ್ಲಿ ಇರುವುದು ಲಿನಕ್ಸೇ. ವಿಂಡೋಸಿನ ಸಾವಿರಾರು ಆಟಗಳು ಅದರಲ್ಲಿ ನಡೆಯುತ್ತವೆ. ಅಂಗೈಯಗಲದ ಯಂತ್ರದಲ್ಲಿ ಓಡುವ ಆಟವು ನಮ್ಮ ಮೇಜಿನ ಮೇಲಿನ ದೊಡ್ಡ ಪೆಟ್ಟಿಗೆಯಲ್ಲಿ ಕುಂಟುವುದಾದರೆ, ದೋಷವನ್ನು ದುಭಾಷಿಯ ತಲೆಗೆ ಕಟ್ಟುವ ಮೊದಲು ಅಡಿಗೆಮನೆಯನ್ನು ಇಣುಕಿ ನೋಡಬೇಕಲ್ಲವೆ?

ಹೋಳಿಗೆಯ ಅಡಿಗೆಯನ್ನು ನೆನೆಯಿರಿ. ಒಬ್ಬರು ಹೂರಣ ತುಂಬಿ ತಟ್ಟಿಕೊಡುತ್ತಾರೆ. ಒಬ್ಬರು ಕಾವಲಿಯ ಮುಂದೆ ಕುಳಿತು ಬೇಯಿಸುತ್ತಾರೆ. ಪಂಕ್ತಿಗೆ ಹೋಳಿಗೆ ತಡವಾಗಿ ಬಂದರೆ, ಕಾವಲಿಯು ಖಾಲಿಯಾಗಿ ಕಾಯುತ್ತಿದೆಯೋ, ತಟ್ಟಿದ ಹೋಳಿಗೆಗಳು ರಾಶಿಯಾಗಿ ಕಾಯುತ್ತಿವೆಯೋ ಎಂದು ನೋಡಿದರೆ ಸಾಕು, ತಡ ಯಾರದೆಂದು ಮನೆಯಾಕೆಗೆ ತಿಳಿದುಹೋಗುತ್ತದೆ. ಆಟದಲ್ಲಿ ತಟ್ಟಿಕೊಡುವುದು ಪ್ರಾಸೆಸರು, ಬೇಯಿಸುವುದು ಗ್ರಾಫಿಕ್ಸ್ ಕಾರ್ಡು. ಒಂದೊಂದು ಹೋಳಿಗೆಯೂ ಪರದೆಯ ಮೇಲಿನ ಒಂದೊಂದು ಚಿತ್ರ. ಇದಕ್ಕೆ ಫ್ರೇಮು ಎಂದು ಹೆಸರು. ಸೆಕೆಂಡಿಗೆ 60 ಫ್ರೇಮು ಬರಬೇಕಾದರೆ ಒಂದೊಂದಕ್ಕೂ ಸಿಕ್ಕುವ ಕಾಲ, ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ ಹದಿನಾರೂವರೆಗಿಂತ ತುಸು ಹೆಚ್ಚು, ಅಷ್ಟೆ. ಸರಾಸರಿ 60 ಇದ್ದರೂ, ಒಂದು ಫ್ರೇಮು ಹತ್ತು ಭಾಗದಲ್ಲಿಯೂ ಮತ್ತೊಂದು ನಲವತ್ತು ಭಾಗದಲ್ಲಿಯೂ ಬಂದರೆ ಕಣ್ಣಿಗೆ ಅದು ಕುಲುಕಾಟವಾಗಿಯೇ ಕಾಣುತ್ತದೆ.

ಈ ಲೆಕ್ಕವನ್ನು ತೋರಿಸಲು ಮ್ಯಾಂಗೊಹಡ್ ಎಂಬ ಉಚಿತ ತಂತ್ರಾಂಶವು ಲಿನಕ್ಸಿನ ಸಾಮಾನ್ಯ ಭಂಡಾರಗಳಲ್ಲೆಲ್ಲ ದೊರೆಯುತ್ತದೆ. ಅದನ್ನು ಸೇರಿಸಿಕೊಂಡ ಮೇಲೆ, ಸ್ಟೀಮಿನಲ್ಲಿ ಆಟದ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ಪ್ರಾಪರ್ಟೀಸ್ ಎಂಬಲ್ಲಿ ಲಾಂಚ್ ಆಪ್ಷನ್ಸ್ ಎಂಬ ಪೆಟ್ಟಿಗೆಯೊಳಗೆ ಮ್ಯಾಂಗೊಹಡ್ ಎಂದು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ಬರೆದು, ಒಂದು ತೆರಪು ಬಿಟ್ಟು, ಕಮಾಂಡ್ ಎಂಬ ಪದವನ್ನು ಎರಡು ಶೇಕಡಾ ಚಿಹ್ನೆಗಳ ನಡುವೆ ಬರೆಯತಕ್ಕದ್ದು. ಆಟ ತೆರೆದೊಡನೆ ಪರದೆಯ ಮೂಲೆಯಲ್ಲಿ ಕಾರ್ಡು ಶೇಕಡಾ ಎಷ್ಟು ದುಡಿಯುತ್ತಿದೆ, ಪ್ರಾಸೆಸರು ಎಷ್ಟು ದುಡಿಯುತ್ತಿದೆ, ಫ್ರೇಮುಗಳು ಎಷ್ಟು ಎಂಬ ಅಂಕಿಗಳೂ, ಕೆಳಗೆ ಒಂದು ಗೆರೆಯೂ ಕಾಣುತ್ತವೆ. ಗೆರೆ ಸಮನಾಗಿದ್ದರೆ ಚಿತ್ರಗಳು ಹದವಾಗಿ ಬರುತ್ತಿವೆ. ಮುಳ್ಳಿನಂತೆ ಎದ್ದರೆ ಅಲ್ಲಿ ಕುಲುಕು. ಕಾಲು ಗಂಟೆ ಆಟವಾಡಿಸಿ ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಇನ್ನು ಮುಂದಿನ ವಿಚಾರವೆಲ್ಲ ಈ ಚೀಟಿಯ ಮೇಲೆ ನಿಂತಿದೆ.

ಅತ್ಯಂತ ವಿಚಿತ್ರವೂ, ಹೊಸಬರ ಮನೆಗಳಲ್ಲಿ ಸಾಮಾನ್ಯವೂ ಆದ ಸಂಗತಿಯೆಂದರೆ, ಕಾರ್ಡು ಏನೂ ಮಾಡದೆ ಕುಳಿತಿರುವುದು. ಕಾರ್ಡಿನ ಡ್ರೈವರು ಸರಿಯಾಗಿ ಕೂತಿಲ್ಲದಿದ್ದರೆ ಲಿನಕ್ಸು ದೂರು ಹೇಳುವುದಿಲ್ಲ. ಮನೆಯ ಮರ್ಯಾದೆ ಕಾಯುವ ಹಳೆಯ ಆಳಿನಂತೆ, ಚಿತ್ರ ಬರೆಯುವ ಕೆಲಸವನ್ನೂ ಪ್ರಾಸೆಸರಿನ ಹೆಗಲಿಗೇ ಹೊರಿಸಿ ಹೇಗೋ ನಿಭಾಯಿಸುತ್ತದೆ. ತಟ್ಟುವವರೇ ಬೇಯಿಸಬೇಕಾಗಿ ಬಂದಂತೆ. ಇಂತಹ ಹೊತ್ತಿನಲ್ಲಿ ಯಂತ್ರದ ವಿವರಗಳಲ್ಲಿ ಕಾರ್ಡಿನ ಹೆಸರಿನ ಬದಲು ಎಲ್‌ಎಲ್‌ವಿಎಂಪೈಪ್ ಎಂಬ ಹೆಸರು ಕಾಣುತ್ತದೆ. ವಲ್ಕನ್‌ಇನ್ಫೋ ಎಂಬ ಸಣ್ಣ ತಂತ್ರಾಂಶವನ್ನು ನಡೆಸಿ ನೋಡಿದರೆ ತಿಳಿಯುತ್ತದೆ. ಆ ಹೆಸರೊಂದೇ ಕಂಡರೆ ಉಳಿದುದನ್ನೆಲ್ಲ ಬದಿಗಿಟ್ಟು ಡ್ರೈವರನ್ನು ಸರಿಪಡಿಸಬೇಕು. ಇದರ ತಮ್ಮನಂತಹ ಇನ್ನೊಂದು ದೋಷವುಂಟು. ಹಳೆಯ ಆಟಗಳು ಬಹುಮಟ್ಟಿಗೆ 32 ಬಿಟ್ಟಿನವು. ಕಾರ್ಡಿನ ಡ್ರೈವರು 64 ಬಿಟ್ಟಿನದು ಮಾತ್ರ ಇದ್ದರೆ, ಹೊಸ ಆಟ ಚೆನ್ನಾಗಿ ಓಡಿ ಹಳೆಯ ಆಟವೇ ಕುಂಟುವುದು ಇಲ್ಲವೆ ತೆರೆಯದೇ ಹೋಗುವುದು. ಹಳೆಯದು ಹಗುರವಾಗಿರಬೇಕಲ್ಲ ಎಂದು ತಲೆ ಕೆರೆದುಕೊಳ್ಳುವವರು 32 ಬಿಟ್ಟಿನ ಡ್ರೈವರಿನ ಕಟ್ಟನ್ನೂ ಹಾಕಿಸಿಕೊಳ್ಳತಕ್ಕದ್ದು.

ಲ್ಯಾಪ್‌ಟಾಪುಗಳಲ್ಲಿ ಬೇರೊಂದು ಬಗೆ. ಅವುಗಳಲ್ಲಿ ಎಷ್ಟೋ ಯಂತ್ರಗಳೊಳಗೆ ಎರಡು ಚಿತ್ರಕಾರರು ಇರುತ್ತಾರೆ: ಪ್ರಾಸೆಸರಿನೊಳಗೇ ಅಡಗಿರುವ, ವಿದ್ಯುತ್ತನ್ನು ಮಿತವಾಗಿ ನುಂಗುವ ಸಣ್ಣವನು ಒಬ್ಬ, ಪ್ರತ್ಯೇಕವಾದ ಬಲಶಾಲಿ ಕಾರ್ಡು ಇನ್ನೊಬ್ಬ. ವಿಂಡೋಸಿನಲ್ಲಿ ಕಾರ್ಡಿನ ಕಂಪೆನಿಯವರ ತಂತ್ರಾಂಶವು ಆಟವನ್ನು ಗುರುತಿಸಿ ಬಲಶಾಲಿಗೆ ಒಪ್ಪಿಸುತ್ತಿತ್ತು. ಲಿನಕ್ಸಿನಲ್ಲಿ ಆಟವು ಒಮ್ಮೊಮ್ಮೆ ಸಣ್ಣವನ ಪಾಲಿಗೇ ಬೀಳುತ್ತದೆ. ಮಿತ್ರರೊಬ್ಬರು ಇದೇ ಕಾರಣದಿಂದ ಹೊಸ ಲ್ಯಾಪ್‌ಟಾಪಿಗೆ ಮುಂಗಡ ಕೊಡುವುದರಲ್ಲಿದ್ದರು. ಯಂತ್ರದ ಬಲಶಾಲಿ ಕಾರ್ಡು ಶೇಕಡಾ ಸೊನ್ನೆ ದುಡಿಯುತ್ತಿದ್ದುದನ್ನು ಅವರ ಮಗಳೇ ಕಂಡುಹಿಡಿದಳು; ಕಾರ್ಡಿನ ಸೆಟ್ಟಿಂಗಿನಲ್ಲಿ ಒಂದು ಆಯ್ಕೆಯನ್ನು ಬದಲಿಸಿದ್ದರಿಂದ ಮುಂಗಡದ ಹಣ ಉಳಿಯಿತು. ಎನ್‌ವಿಡಿಯಾ ಕಾರ್ಡುಗಳಿಗೆ ಪ್ರೈಮ್‌ರನ್ ಎಂಬ ಪದವನ್ನು ಅನೇಕ ವಿತರಣೆಗಳು ಇದಕ್ಕಾಗಿ ಒದಗಿಸಿವೆ. ಮ್ಯಾಂಗೊಹಡ್ ಬರೆದ ಪೆಟ್ಟಿಗೆಯಲ್ಲಿಯೇ ಅದನ್ನೂ ಮುಂದೆ ಬರೆಯಬಹುದು.

ಎನ್‌ವಿಡಿಯಾದ ಹೆಸರೆತ್ತಿದ ಮೇಲೆ ಅದರ 900 ಮತ್ತು 1000ದ ಮಾಲೆಯ ಜಿಟಿಎಕ್ಸ್ ಕಾರ್ಡುಗಳ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ವಿಂಡೋಸ್ 10ರ ಕಾಲದ ಮನೆಯಂತ್ರಗಳಲ್ಲಿ ಇವು ಬಹಳವಾಗಿವೆ. ಲಿನಕ್ಸಿನ ಜೊತೆಗೇ ಬರುವ ನೂವೋ ಎಂಬ ಡ್ರೈವರು ಇವನ್ನು ಗುರುತಿಸಿ ಪರದೆಯನ್ನು ಬೆಳಗಿಸುತ್ತದೆ. ಆದರೆ ಈ ಕಾರ್ಡುಗಳ ವೇಗವನ್ನು ಏರಿಸಬೇಕಾದರೆ ಎನ್‌ವಿಡಿಯಾದವರ ಮುದ್ರೆಯೊತ್ತಿದ ಒಳತಂತ್ರಾಂಶ ಬೇಕು. ಅದು ನೂವೋಗೆ ದೊರೆಯದ ಕಾರಣ, ಕಾರ್ಡು ಎದ್ದಾಗಿನ ಮಂದಗತಿಯಲ್ಲೇ ಉಳಿದುಬಿಡುತ್ತದೆ. ಅಂಕಿಯನ್ನು ನೋಡಿದರೆ ಕಾರ್ಡು ಪೂರ್ತಿಯಾಗಿ ದುಡಿಯುವಂತೆಯೇ ತೋರಬಹುದು; ಕಾಲು ಕಟ್ಟಿದ ಕುದುರೆಯೂ ತನ್ನ ಶಕ್ತಿಯನ್ನೆಲ್ಲ ಹಾಕಿಯೇ ನಡೆಯುತ್ತದೆಯಲ್ಲವೆ? ಇಂತಹ ಮನೆಯವರು ಎನ್‌ವಿಡಿಯಾದವರ ಸ್ವಂತ ಡ್ರೈವರನ್ನೇ ಹಾಕಿಕೊಳ್ಳಬೇಕು. ಅದರಲ್ಲಿಯೂ ಒಂದು ಎಚ್ಚರಿಕೆ: ಈ ಎರಡು ಮಾಲೆಗಳಿಗೆ 580ನೆಯ ಶ್ರೇಣಿಯ ಡ್ರೈವರೇ ಕಡೆಯದು. ಅದರ ಮುಂದಿನ ಶ್ರೇಣಿಯನ್ನು ಹೊಸದೆಂಬ ಮೋಹದಿಂದ ಹಾಕಿಸಿದರೆ ಕಾರ್ಡನ್ನು ಅದು ಗುರುತಿಸುವುದೇ ಇಲ್ಲ. ನಿನ್ನೆಯವರೆಗೆ ಚೆನ್ನಾಗಿದ್ದ ಆಟ ನವೀಕರಣ ಮಾಡಿದ ಮರುದಿನ ಕುಂಟತೊಡಗಿತು ಎಂಬ ದೂರಿದ್ದರೆ ಮೊದಲು ಇದನ್ನೇ ನೋಡಿರಿ. ಎಎಂಡಿ ಮತ್ತು ಇಂಟೆಲ್ ಕಾರ್ಡುಗಳವರಿಗೆ ಈ ಗೋಜಿಲ್ಲ. ಅವರ ಡ್ರೈವರು ಮೆಸಾ ಎಂಬ ಕಟ್ಟಿನಲ್ಲಿ ಲಿನಕ್ಸಿನೊಡನೆಯೇ ಬರುತ್ತದೆ, ಅದು ತೀರ ಹಳೆಯದಾಗದಂತೆ ನೋಡಿಕೊಂಡರೆ ಸಾಕು.

ಡ್ರೈವರು ಸರಿಯಾಗಿದ್ದು, ಕಾರ್ಡು ನಿಜವಾಗಿಯೂ ಶೇಕಡಾ 95ಕ್ಕೆ ಮೇಲ್ಪಟ್ಟು ದುಡಿಯುತ್ತಿದ್ದರೆ, ಕಾವಲಿಯೇ ಚಿಕ್ಕದೆಂದು ಅರ್ಥ. ಆಗಲೂ ಅಂಗಡಿಗೆ ಓಡಬೇಕಾಗಿಲ್ಲ. ಪರದೆಯ ಅಳತೆಯನ್ನು 1920ಕ್ಕೆ 1080ರಿಂದ 1600ಕ್ಕೆ 900ಕ್ಕೆ ಇಳಿಸಿದರೆ ಬರೆಯಬೇಕಾದ ಚುಕ್ಕೆಗಳು ಇಪ್ಪತ್ತು ಲಕ್ಷದ ಎಪ್ಪತ್ತಮೂರು ಸಾವಿರದಿಂದ ಹದಿನಾಲ್ಕು ಲಕ್ಷದ ನಲವತ್ತು ಸಾವಿರಕ್ಕೆ ಇಳಿಯುತ್ತವೆ. ಹೆಚ್ಚು ಕಡಮೆ ಮೂರರಲ್ಲೊಂದು ಪಾಲು ಕೆಲಸ ಉಳಿಯಿತು. ನೆರಳುಗಳ ನಯವನ್ನು ಒಂದು ಮೆಟ್ಟಿಲು ಇಳಿಸುವುದರಿಂದಲೂ ಒಳ್ಳೆಯ ಲಾಭವುಂಟು. ಮಕ್ಕಳು ಇದಕ್ಕೆ ಮುಖ ಸಿಂಡರಿಸಬಹುದು, ಆದರೆ ಎರಡು ದಿನದಲ್ಲಿ ಮರೆಯುತ್ತಾರೆ.

ಕಾರ್ಡು ಅರ್ಧಂಬರ್ಧ ದುಡಿಯುತ್ತಿದ್ದು ಫ್ರೇಮುಗಳು ಕಡಮೆಯಿದ್ದರೆ, ತಟ್ಟುವವರ ಕಡೆಗೆ ತಿರುಗಬೇಕು. ಇಲ್ಲಿ ಅಂಕಿಯೇ ಮೋಸಮಾಡುವುದುಂಟು. ಪ್ರಾಸೆಸರು ಶೇಕಡಾ 25 ಎಂದು ತೋರಿದರೆ ಮುಕ್ಕಾಲು ಪಾಲು ಬಿಡುವಾಗಿದೆ ಎಂದು ತಿಳಿಯಬಾರದು. ಅದರಲ್ಲಿ ಎಂಟು ಕೈಗಳಿದ್ದರೆ, ಎರಡು ಕೈಗಳು ಬೆವರು ಸುರಿಸುತ್ತ ಆರು ಕೈಗಳು ಕಟ್ಟಿಕೊಂಡು ಕುಳಿತಿದ್ದರೂ ಸರಾಸರಿ 25ಎಂದೇ ಬರುತ್ತದೆ. ಆಟದ ಮುಖ್ಯ ಕೆಲಸ ಒಂದೆರಡು ಕೈಗಳ ಮೇಲೆಯೇ ಬೀಳುವುದು ರೂಢಿ. ಆ ಕೈ ಚುರುಕಾಗಬೇಕಾದರೆ, ಪವರ್ ಸೆಟ್ಟಿಂಗಿನಲ್ಲಿ ಮಿತವ್ಯಯದ ಆಯ್ಕೆ ಇದ್ದರೆ ಅದನ್ನು ಪರ್ಫಾರ್ಮೆನ್ಸ್ ಎಂಬುದಕ್ಕೆ ಬದಲಿಸಿರಿ. ಲ್ಯಾಪ್‌ಟಾಪಾದರೆ ಆಟದ ಹೊತ್ತಿನಲ್ಲಿ ವಿದ್ಯುತ್ ತಂತಿಯನ್ನು ಸಿಕ್ಕಿಸಿಯೇ ಇರಿ. ಆಟ ನಡೆಯುವಷ್ಟು ಹೊತ್ತು ಮಾತ್ರ ಇದನ್ನು ತಾನಾಗಿ ಮಾಡಿ ಮತ್ತೆ ಮೊದಲಿನಂತಿರಿಸುವ ಗೇಮ್‌ಮೋಡ್ ಎಂಬ ತಂತ್ರಾಂಶವನ್ನು ಫೆರಲ್ ಇಂಟರ‍್ಯಾಕ್ಟಿವ್ ಎಂಬ ಕಂಪೆನಿಯವರು 2018ರಲ್ಲಿ ಹೊರತಂದರು. ಒಳಗಿನ ಧೂಳನ್ನು ಊದಿಸಿ ಎಷ್ಟು ವರ್ಷವಾಯಿತೆಂಬುದನ್ನೂ ಕೇಳಿಕೊಳ್ಳಬೇಕು. ಕಾದ ಪ್ರಾಸೆಸರು ತನ್ನ ರಕ್ಷಣೆಗಾಗಿ ತಾನೇ ನಿಧಾನವಾಗುತ್ತದೆ.

ದುಭಾಷಿಯದೇ ತಪ್ಪಿರುವ ಸಂದರ್ಭವೂ ಇಲ್ಲಿ ಒಂದುಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆಟದೊಳಗಿನ ಕೆಲಸಗಾರರು ಪರಸ್ಪರ “ತಡೆ, ನನ್ನದು ಮುಗಿಯಲಿ” ಎಂದು ಸನ್ನೆ ಮಾಡಿಕೊಳ್ಳುವುದು ಕ್ಷಣಕ್ಕೆ ಸಾವಿರಾರು ಸಲ. ವೈನಿನ ಹಳೆಯ ಏರ್ಪಾಡಿನಲ್ಲಿ ಈ ಸನ್ನೆಗಳೆಲ್ಲ ಒಬ್ಬನೇ ಗುಮಾಸ್ತನ ಮೇಜನ್ನು ಹಾಯ್ದು ಹೋಗಬೇಕಾಗಿತ್ತು. ಸನ್ನೆಗಳು ಹೆಚ್ಚಾಗಿರುವ ಆಟಗಳಲ್ಲಿ, ಪ್ರಾಸೆಸರೂ ಕಾರ್ಡೂ ಎರಡೂ ಬಿಡುವಾಗಿದ್ದರೂ ಆಟ ತೆವಳುತ್ತಿದ್ದುದು ಇದರಿಂದಲೇ. ಗುಮಾಸ್ತನನ್ನು ತಪ್ಪಿಸುವ ಇಸಿಂಕ್, ಎಫ್‌ಸಿಂಕ್ ಎಂಬ ಉಪಾಯಗಳು ಮೊದಲು ಬಂದವು. ಲಿನಕ್ಸಿನ ಹೃದಯವೆನಿಸಿದ ಕರ್ನಲಿನೊಳಗೇ ಈ ಕೆಲಸಕ್ಕೆ ಎನ್‌ಟಿಸಿಂಕ್ ಎಂಬ ಪ್ರತ್ಯೇಕ ಏರ್ಪಾಡು 2025ರ ಮಾರ್ಚಿಯಲ್ಲಿ, 6.14 ಆವೃತ್ತಿಯೊಡನೆ ಸೇರಿತು. ಗೃಹಸ್ಥನು ಈ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ವಿತರಣೆಯ ಭಂಡಾರದಲ್ಲಿ ಹಲವು ವರ್ಷಗಳಿಂದ ಇರುವ ಹಳೆಯ ವೈನನ್ನು ಬಳಸದೆ ಇತ್ತೀಚಿನ ಪ್ರೋಟಾನನ್ನು ಬಳಸಿದರೆ ಇವು ಬಹುಮಟ್ಟಿಗೆ ತಾವಾಗಿಯೇ ದೊರೆಯುತ್ತವೆ.

ಸರಾಸರಿ ವೇಗ ಚೆನ್ನಾಗಿದ್ದು, ಆಗಾಗ ಗಕ್ಕನೆ ನಿಂತು ಮುಂದುವರಿಯುವ ರೋಗವು ಬೇರೆ. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಆಟದಲ್ಲಿ ಒಂದು ಬೀದಿಯಲ್ಲಿ ನಡೆದು, ಹಿಂದಿರುಗಿ, ಅದೇ ಬೀದಿಯಲ್ಲಿ ಮತ್ತೆ ನಡೆಯಿರಿ. ಮೊದಲ ಸಲ ನಿಂತ ಎಡೆಯಲ್ಲಿ ಎರಡನೆಯ ಸಲ ನಿಲ್ಲದಿದ್ದರೆ, ಅದು ಶೇಡರು ಎಂಬ ಸಣ್ಣ ಸಣ್ಣ ಚಿತ್ರವಿಧಿಗಳನ್ನು ಡ್ರೈವರು ಮೊದಲ ಬಾರಿಗೆ ಸಿದ್ಧಮಾಡಿಕೊಳ್ಳುವ ತಡ. ಹೊಸ ಸೊಸೆ ಅಡಿಗೆಮನೆಯ ಡಬ್ಬಿಗಳನ್ನು ಹುಡುಕಿದಂತೆ. ಒಂದು ವಾರದಲ್ಲಿ ಸರಿಹೋಗುತ್ತದೆ. 2022ರ ನವೆಂಬರಿನಲ್ಲಿ ಬಂದ ಡಿಎಕ್ಸ್‌ವಿಕೆಯ 2.0 ಆವೃತ್ತಿಯು, ತಕ್ಕ ಡ್ರೈವರಿದ್ದಲ್ಲಿ, ಈ ತಡವನ್ನು ಬಹುವಾಗಿ ಇಳಿಸಿತು. ಸ್ಟೀಮು ಆಟ ತೆರೆಯುವ ಮೊದಲು ಶೇಡರುಗಳನ್ನು ಸಿದ್ಧಪಡಿಸುತ್ತೇನೆಂದು ಕಾಯಿಸಿದರೆ, ಬೇಸರಪಟ್ಟು ಸ್ಕಿಪ್ ಒತ್ತಬೇಡಿರಿ. ಎರಡನೆಯ ಸಲವೂ ಅಲ್ಲೇ ನಿಂತರೆ ಮಾತ್ರ ಡಿಸ್ಕಿನ ಕಡೆ, ಇಲ್ಲವೆ ಜ್ಞಾಪಕದ ಅಭಾವದ ಕಡೆ ನೋಡಬೇಕು. ಹಿನ್ನೆಲೆಯಲ್ಲಿ ನಲವತ್ತು ಪುಟ ತೆರೆದ ಬ್ರೌಸರನ್ನು ಮುಚ್ಚುವುದು ಖರ್ಚಿಲ್ಲದ ಚಿಕಿತ್ಸೆ. ಆಟದ ಕಡತಗಳನ್ನು ವಿಂಡೋಸಿನ ಕಾಲದ ಎನ್‌ಟಿಎಫ್‌ಎಸ್ ಭಾಗದಲ್ಲಿಯೇ ಉಳಿಸಿಕೊಂಡು ಲಿನಕ್ಸಿನಿಂದ ಆಡುವವರೂ ಇದ್ದಾರೆ. ಇದು ಬೇಡ. ಪ್ರೋಟಾನ್ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವ ಕಡತಗಳ ಹೆಸರಿನಲ್ಲಿ ವಿಂಡೋಸು ಒಪ್ಪದ ಚಿಹ್ನೆಗಳಿರುತ್ತವೆ. ನಿಧಾನವಲ್ಲದೆ ಕಡತಗಳು ಕೆಡುವ ಭಯವೂ ಉಂಟು. ಲಿನಕ್ಸಿನದೇ ಆದ ಎಕ್ಸ್ಟ್4 ಭಾಗಕ್ಕೆ ಸಾಗಿಸಿಬಿಡುವುದು ಉತ್ತಮ.

ಲಾಂಚ್ ಆಪ್ಷನ್ಸ್ ಪೆಟ್ಟಿಗೆಯಲ್ಲಿ ಮಂತ್ರಮಾಲೆಯಂತೆ ಎಂಟು ಹತ್ತು ಪದಗಳನ್ನು ಯಾರೋ ಹೇಳಿದರೆಂದು ಒಟ್ಟಿಗೇ ತುಂಬುವ ಅಭ್ಯಾಸ ಹುಡುಗರಲ್ಲಿ ಹಬ್ಬಿದೆ. ಅವುಗಳಲ್ಲಿ ಒಂದು ಡಿಎಕ್ಸ್‌ವಿಕೆಯನ್ನೇ ಬದಿಗೊತ್ತಿ ಹಳೆಯ ಓಪನ್‌ಜಿಎಲ್ ದಾರಿಗೆ ಆಟವನ್ನು ತಳ್ಳುವಂಥದಾಗಿರಬಹುದು. ಎಂದೋ ಯಾವುದೋ ಆಟಕ್ಕೆ ಬೇಕಾಗಿದ್ದುದು ಇಂದು ಈ ಆಟಕ್ಕೆ ಉರುಳಾಗಿರುತ್ತದೆ. ಪೆಟ್ಟಿಗೆಯನ್ನು ಬರಿದುಮಾಡಿ, ಒಂದೊಂದನ್ನೇ ಸೇರಿಸಿ, ಪ್ರತಿ ಸಲವೂ ಅದೇ ಬೀದಿಯಲ್ಲಿ ನಡೆದು, ಅಂಕಿಯನ್ನು ಚೀಟಿಯಲ್ಲಿ ಬರೆಯಿರಿ. ಅಂಕಿ ಏರದಿದ್ದರೆ ಆ ಪದವನ್ನು ತೆಗೆದುಹಾಕಿರಿ.

ಇಷ್ಟೆಲ್ಲ ಮಾಡಿದರೂ ಒಪ್ಪಿಕೊಳ್ಳಲೇಬೇಕಾದ ಎಲ್ಲೆಯೊಂದಿದೆ. ಈಗಿನ ಡಿಎಕ್ಸ್‌ವಿಕೆಗೆ ವಲ್ಕನ್ 1.3 ಬೇಕು. ಎನ್‌ವಿಡಿಯಾದ 600 ಮಾಲೆಯ ಮತ್ತು 700 ಮಾಲೆಯ ಬಹುಪಾಲು ಕಾರ್ಡುಗಳಿಗೆ ಕಂಪೆನಿಯ ಕಡೆಯ ಡ್ರೈವರು ಕೊಡುವುದು 1.2 ಮಾತ್ರ. ಅವರು ಸ್ಟೀಮಿನಲ್ಲಿ ಪ್ರೋಟಾನ್ 7.0 ಎಂಬ ಹಿಂದಿನ ಆವೃತ್ತಿಯನ್ನು ಆರಿಸಿಕೊಂಡರೆ ಹಳೆಯ ಆಟಗಳು ನಡೆಯುತ್ತವೆ. ಹೊಸ ಆಟಗಳ ಆಸೆ ಬಿಡಬೇಕು, ಇಲ್ಲವೆ ಹಣ ಬಿಚ್ಚಬೇಕು. ಮೋಸಗಾರರನ್ನು ತಡೆಯುವ ಕಾವಲು ತಂತ್ರಾಂಶವುಳ್ಳ ಕೆಲವು ಸ್ಪರ್ಧೆಯ ಆಟಗಳು ಲಿನಕ್ಸನ್ನು ಬಾಗಿಲಲ್ಲೇ ತಡೆಯುತ್ತವೆ. ಅದು ವೇಗದ ಪ್ರಶ್ನೆಯಲ್ಲವಾದ್ದರಿಂದ ಇಲ್ಲಿ ಚರ್ಚಿಸುವುದಿಲ್ಲ.

ಮುಂದೆ ಈ ವಿಷಯವಾಗಿ ಕಾಗದ ಬರೆಯುವ ವಾಚಕರು, ಆಟ ನಿಧಾನವೆಂದಷ್ಟೇ ಬರೆಯದೆ, ಆಟದ ಹೆಸರು, ಕಾರ್ಡಿನ ಮತ್ತು ಡ್ರೈವರಿನ ಹೆಸರು, ಮ್ಯಾಂಗೊಹಡ್ ತೋರಿಸಿದ ಎರಡು ಶೇಕಡಾ ಅಂಕಿಗಳು, ಅದೇ ಬೀದಿಯ ಎರಡನೆಯ ನಡಿಗೆಯಲ್ಲಿ ಕುಲುಕು ಉಳಿಯಿತೋ ಇಲ್ಲವೋ ಎಂಬುದು, ಇಷ್ಟನ್ನೂ ತಿಳಿಸಬೇಕಾಗಿ ಪ್ರಾರ್ಥನೆ. ಮುಂದಿನ ಸಂಚಿಕೆಯಲ್ಲಿ ಹಳೆಯ ಪ್ರಿಂಟರುಗಳನ್ನು ಲಿನಕ್ಸಿಗೆ ಒಗ್ಗಿಸಿಕೊಳ್ಳುವ ವಿಚಾರವನ್ನು ಎತ್ತಿಕೊಳ್ಳಲಾಗುವುದು.